ಬಾಯಾರ ಬೆಚ್ಚನೆಯ ಕಪಾಟು

ಚೆಂಡುಹೂವಿನ ಮೇಲೆ ಸ್ಪಿರಿಟ್ಟು ಬಿದ್ದರೆ ಬೇರೆಯೇ ಒಂದು ವಾಸನೆ ಏಳುತ್ತದೆ. ಹೂವಿನದು ಎನ್ನಲಿಕ್ಕಾಗುವುದಿಲ್ಲ, ದವಾಖಾನೆಯದು ಎನ್ನಲಿಕ್ಕೂ ಆಗುವುದಿಲ್ಲ. ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ಗಂಟಲಿಗಿಳಿದು ಕಹಿಯಾಗಿ ಕೂತುಬಿಡುತ್ತದೆ. ಈ ಸಲ ಖಂಡೇನವಮಿಯ ಮುಂಜಾನೆ ನಾಸಿಕದ ನಮ್ಮ ಮನೆಯ ಬಾಗಿಲಲ್ಲಿ ಆ ವಾಸನೆ ಎದ್ದಿತು. ಮೊಮ್ಮಗಳು ತನ್ನ ಸ್ಕೂಟಿಗೆ ಪೂಜೆ ಮಾಡಲು ಪೇಟೆಯಿಂದ ಹೂ ತಂದಿದ್ದಳು. ಕೊರೋನಾ ಬಂದು ಹೋದಮೇಲೆ ಅವಳಿಗೊಂದು ಚಟ ಅಂಟಿಕೊಂಡಿದೆ. ಹೊರಗಿನಿಂದ ಏನೇ ಬರಲಿ, ಬಾಟಲಿ ಹಿಡಿದು ಪುಸ್ ಪುಸ್ ಎಂದು ಹೊಡೆಯುತ್ತಾಳೆ. ಹೂವಿನ ಮೇಲೂ ಹೊಡೆದಳು.

"ಹೂ ಸಾಫ್ ಮಾಡಾಕತ್ತೀನಿ ಆಜಿ," ಎಂದಳು.

"ಯಾಕ, ನಿನ್ನ ಸ್ಕೂಟಿಗೆ ನೆಗಡಿ ಬರ್ತದೇನ?" ಎಂದು ಕೇಳುವಷ್ಟರಲ್ಲಿ ವಾಸನೆ ಬಂತು. ನಾನು ಹೊಸ್ತಿಲ ಮೇಲೆ ಕೂತೆ. ಮೊಣಕಾಲು ನೋವಿಗೆ ಕೂತಳೆಂದು ತಿಳಿದು ಅವಳು ನೀರು ತಂದುಕೊಟ್ಟಳು. ಕುಡಿದೆ. ಶೇಂದ್ರಾದ ಬಾಯಾರು ಕಣ್ಣ ಮುಂದೆ ಬಂದು ನಿಂತಿದ್ದರು, ಬಿಳಿ ಕೋಟು ಹಾಕಿಕೊಂಡು, ಮೊಣಕೈತನಕ ಒದ್ದೆಯಾದ ಕೈ ಮೇಲೆತ್ತಿಕೊಂಡು...

ನಾವು ಇಂಡಿ ತಾಲೂಕಿನವರು. ಶೇಂದ್ರಾದಲ್ಲಿ ಕಾರ್ಖಾನೆಗಳು ಏಳುತ್ತಿದ್ದಾಗ ನಮ್ಮ ಕಡೆಯ ಗೌಂಡಿಗಳ ಹಿಂಡಿನ ಜೊತೆ ನಾನೂ ನನ್ನ ಗಂಡನೂ ಬಂದೆವು. ಪಕ್ಕದ ದೊಡ್ಡ ಊರಿಗೆ ಆಗ ಔರಂಗಾಬಾದ್ ಎನ್ನುತ್ತಿದ್ದರು, ಈಗ ಸಂಭಾಜಿನಗರ. ಗಂಡ ಇಟ್ಟಿಗೆ ಇಡುತ್ತಿದ್ದ, ನಾನು ಸಿಮೆಂಟಿನ ಬುಟ್ಟಿ ಹೊರುತ್ತಿದ್ದೆ. ನಾವು ಕಟ್ಟಿದ ಕಟ್ಟಡಗಳಲ್ಲಿ ಒಂದು, ರೋಗ ತಪಾಸಣೆಯ ಪಟ್ಟಿಗಳನ್ನು ಮಾಡುವ ಕಂಪನಿಯದು. ಒಂದು ಹನಿ ರಕ್ತ ಹಾಕಿದರೆ ಗೆರೆ ಮೂಡುತ್ತದಲ್ಲ, ಅಂಥವು. ಕಟ್ಟಡ ಮುಗಿಯಿತು, ಗುತ್ತಿಗೆದಾರ ಹೋದ, ಗೌಂಡಿಗಳು ಹೋದರು. ನನಗೆ ಅಲ್ಲೇ ಕಸ ಹೊಡೆಯುವ ಕೆಲಸ ಸಿಕ್ಕಿತು, ನಾವು ಉಳಿದೆವು. ಹಿಂಭಾಗದಲ್ಲಿ ಸಂಶೋಧನೆಗೆಂದು ಬೇರೆ ಮಾಡಿದ ಕೋಣೆಗಳಿದ್ದವು. ಒಂದರಲ್ಲಿ ಬಿಳಿ ಇಲಿಗಳು. ಅವನ್ನು ನೋಡಿಕೊಳ್ಳುವವರು ಯಾರೂ ನಿಲ್ಲುತ್ತಿರಲಿಲ್ಲವಂತೆ, ನನ್ನನ್ನು ಅಲ್ಲಿಗೆ ಹಾಕಿದರು. ಊರಲ್ಲಿ ಇಲಿ ಕಂಡರೆ ಕೋಲು ಹುಡುಕುತ್ತಿದ್ದವಳು ಇಲ್ಲಿ ಅವಕ್ಕೆ ಹೊಟ್ಟಿನ ಹಾಸಿಗೆ ಹಾಸುತ್ತಿದ್ದೆ. "ಇಲಿ ಬಾಣಂತನಾ ಮಾಡಾಕ ಹೊಂಟಾಳ ನೋಡ್ರಿ," ಎಂದು ನಮ್ಮ ತಗಡಿನ ಚಾಳಿನ ಹೆಂಗಸರು ನಗುತ್ತಿದ್ದರು. ನಗಲಿ. ಬಿಸಿಲಲ್ಲಿ ಬುಟ್ಟಿ ಹೊರುವುದಕ್ಕಿಂತ ಅದು ವಾಸಿ.

ಆ ಕೋಣೆಗಳ ಯಜಮಾನತಿ ಬಾಯಾರು. ಉಳಿದವರೆಲ್ಲ ಮ್ಯಾಡಮ್ ಎನ್ನುತ್ತಿದ್ದರು, ನಾನು ನಮ್ಮ ಕಡೆಯ ಹಾಗೆ ಬಾಯಾರು ಎನ್ನುತ್ತಿದ್ದೆ. ಮೊದಲು ಅವರೂ ನನ್ನ ಕಡೆಗೆ ನೋಡಲಿಲ್ಲ, ನಾನೂ ಅವರ ಕಡೆಗೆ ನೋಡಲಿಲ್ಲ. ಒಂದು ದಿನ ಇಲಿಯೊಂದು ನನ್ನ ಬೆರಳು ಕಚ್ಚಿತು. "ನಿನ್ನ ಹೆಣಾ ಎತ್ತಲಿ, ತಿಂದ ಕಾಳು ಕರಗಲಿಲ್ಲೇನ ನಿನಗ," ಎಂದು ಬೈದೆ. ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು.

"ಮಾವಶಿ, ನೀವು ನಮ್ಮ ಕಡೆಯವರೇನ್ರಿ?"

ಅವರ ಅಪ್ಪ ಬ್ಯಾಂಕಿನಲ್ಲಿದ್ದವರು. ಗದಗಿನ ಕಡೆಯಿಂದ ವರ್ಗವಾಗಿ ಬಂದು ಅಲ್ಲೇ ಉಳಿದಿದ್ದರು. ಬಾಯಾರು ಬೆಳೆದದ್ದು, ಕಲಿತದ್ದು ಎಲ್ಲ ಮರಾಠಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಬರುವುದು ಅರ್ಧ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಮನೆಯಲ್ಲಿ ಕನ್ನಡ ಆಡುವವರು ಇರಲಿಲ್ಲ. ಅದಕ್ಕೇ ಇರಬೇಕು, ನನ್ನ ಬೈಗುಳವೂ ಅವರಿಗೆ ರುಚಿಸುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಇಷ್ಟು ಇಲಿ ಜ್ವಾಕಿ ಮಾಡ್ತೀನಲ್ಲ, ಮತ್ತ ಒಂದು ಗಂಡಸು ಯಾಕ ಬೇಕ್ರಿ," ಎನ್ನುತ್ತಿದ್ದರು. ನಾನು ಗಂಡನನ್ನು ಕಂಡವಳು. ಅದಕ್ಕೆ ಎದುರು ಮಾತಾಡಲಿಲ್ಲ.

ಇಲಿಯ ಕೋಣೆಯ ಆಚೆ ಗಾಜಿನ ಬಾಗಿಲು, ಅದರಾಚೆ ಒಂದು ಸಣ್ಣ ಕೋಣೆ. ಅಲ್ಲಿ ಎದೆಯೆತ್ತರದ ಒಂದು ಬಿಳಿ ಕಪಾಟು. ಒಳಗೆ ಸದಾ ಮೈ ಬಿಸಿಯಷ್ಟೇ ಬಿಸಿ, ಹದವಾದ ತೇವ. ಇನ್‌ಕ್ಯುಬೇಟರ್ ಎಂದು ಅದರ ಹೆಸರು, ನಾನು ಬೆಚ್ಚನೆಯ ಕಪಾಟು ಎನ್ನುತ್ತಿದ್ದೆ. ಆ ಕೋಣೆ ಒರೆಸುವುದೂ ನನ್ನದೇ ಕೆಲಸ. ಬಾಯಾರ ಕಟ್ಟುಪಾಡು ಅಲ್ಲಿಂದ ಶುರು. ತಲೆಯಲ್ಲಿ ಹೂ ಇರಕೂಡದು. ಕುಂಕುಮ ಉದುರುತ್ತದೆ, ಆದ್ದರಿಂದ ಅಂಟಿಸುವ ಟಿಕಳಿ. ಕೈ ಮೊಣಕೈತನಕ ತೊಳೆಯಬೇಕು, ಆಮೇಲೆ ಸ್ಪಿರಿಟ್ಟು. ಇಡ್ಲಿ ಹಿಟ್ಟು ಕಲಸಿದ ದಿನ ಆ ಕೋಣೆಗೆ ಕಾಲಿಡಕೂಡದು, ಹುಳಿ ಬರಿಸುವ ಜೀವ ಕೈಗಂಟಿಕೊಂಡು ಬರುತ್ತದಂತೆ.

"ನಮ್ಮ ಮನ್ಯಾಗ ರೊಟ್ಟಿಗೇ ಹಿಟ್ಟು ಸಾಲಂಗಿಲ್ಲ, ಇಡ್ಲಿ ಎಲ್ಲಿದು ತರ್ಲಿ ಬಾಯಾರ?" ಎಂದಿದ್ದೆ.

ಆ ಕಪಾಟಿನೊಳಗೆ ಏನಿದೆ ಎಂದು ಬಹಳ ದಿನ ನನಗೆ ತಿಳಿದಿರಲಿಲ್ಲ. ತಿಳಿದುಕೊಂಡು ನನಗೇನಾಗಬೇಕು ಎಂದು ಸುಮ್ಮನಿದ್ದೆ. ಅವರೇ ಒಂದು ಮಧ್ಯಾಹ್ನ ಡಬ್ಬಿ ಉಣ್ಣುತ್ತ ಹೇಳಿದರು. ಇಲಿಗೆ ಸತ್ತ ವೈರಸ್ಸಿನ ಒಂದು ತುಣುಕನ್ನು ಚುಚ್ಚುತ್ತಾರೆ. ಇಲಿಯ ಮೈ ಅದರ ಗುರುತು ಹಿಡಿಯಲು ಕಲಿಯುತ್ತದೆ. ಹಾಗೆ ಕಲಿತ ಜೀವಕೋಶಗಳು ಗುಲ್ಮದಲ್ಲಿ, ಅಂದರೆ ಹೊಟ್ಟೆಯ ಎಡಗಡೆಯ ಒಂದು ಸಣ್ಣ ಅಂಗದಲ್ಲಿ ಸಿಗುತ್ತವೆ. ಆದರೆ ಹೊರಗೆ ತೆಗೆದರೆ ಅವು ಬಾಳುವುದಿಲ್ಲ. ಇನ್ನೊಂದು ಕಡೆ ಕ್ಯಾನ್ಸರಿನ ಜೀವಕೋಶ ಇದೆ, ಅದು ಸಾಯುವುದೇ ಇಲ್ಲ, ಬೆಳೆಯುತ್ತಲೇ ಇರುತ್ತದೆ.

"ಬಲ್ಲದ್ದು ಸಾಯ್ತದರಿ ಮಾವಶಿ. ಸಾಯದ್ದಕ್ಕ ಏನೂ ಗೊತ್ತಿಲ್ಲ. ಅವೆರಡರದೂ ಲಗ್ನಾ ಮಾಡಸೋದು, ಇಷ್ಟ ನನ್ನ ಕೆಲಸ."

"ಲಗ್ನಾ ಆದ್ರ ಕೂಸು ಹುಟ್ಟತಾವೇನ್ರಿ?"

"ರಗಡ ಹುಟ್ಟತಾವ. ಎಲ್ಲಾ ದಡ್ಡ. ಒಂದ ಒಂದು ಶ್ಯಾಣ್ಯಾ ಹುಟ್ಟಿದ್ರ ನನ್ನ ಜನ್ಮಾ ಪಾವನ."

ಆ ಒಂದು ಜಾಣ ಕೋಶದಿಂದ ಬೆಳೆದ ಇಡೀ ಸಂತಾನ ಒಂದೇ ಗುರುತನ್ನು ಹಿಡಿಯುತ್ತದೆ, ಬೇರೆ ಯಾವುದಕ್ಕೂ ಮೋಸ ಹೋಗುವುದಿಲ್ಲ. ಅವು ಬಿಡುವ ರಸಕ್ಕೆ ಮೊನೋಕ್ಲೋನಲ್ ಆಂಟಿಬಾಡಿ ಎನ್ನುತ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ. ಅವರು ಮತ್ತೆ ಮತ್ತೆ ಹೇಳಿಸಿ ನಕ್ಕರು. ಗುರುತು ಹಿಡಿದಿದೆಯೋ ಇಲ್ಲವೋ ಎಂದು ನೋಡಲು ಪಡ್ಡಿನ ಹಂಚಿನ ಹಾಗೆ ಗುಳಿ ಗುಳಿ ಇರುವ ತಟ್ಟೆ. ಗುಳಿಯೊಳಗೆ ಹಳದಿ ಬಣ್ಣ ಬಂದರೆ ಹಿಡಿಯಿತು ಎಂದರ್ಥ. ನೀರಿನ ಹಾಗೇ ಉಳಿದರೆ ಇಲ್ಲ. ನಾನು ಆ ತಟ್ಟೆಗಳನ್ನು ಬಕೆಟ್ಟಿಗೆ ಹಾಕುವಾಗ ನೋಡುತ್ತಿದ್ದೆ. ನೀರು, ನೀರು, ನೀರು.

ಯಾವ ವೈರಸ್ಸು ಎಂದು ಕೇಳಿದ್ದು ಆಮೇಲೆ. ಮಕ್ಕಳ ಮೆದುಳು ಜ್ವರದ್ದು ಎಂದರು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಅವರಿಗೆ ಹೇಗೋ ತಿಳಿಯಿತು. ಏನಾಯಿತೆಂದು ಕೇಳಿದರು, ಹೇಳಿದೆ.

ಶೇಂದ್ರಾಕ್ಕೆ ಬಂದ ಮೊದಲ ಮಳೆಗಾಲದಲ್ಲೇ ನನ್ನ ಮಗಳು ಹೋಗಿದ್ದಳು. ಮುಂಜಾನೆ ರೊಟ್ಟಿ ತಿಂದು ಮರಳಿನ ಗುಡ್ಡೆಯ ಮೇಲೆ ಆಡಿದಳು. ಸಂಜೆಗೆ ಮೈ ಸುಟ್ಟಿತು. ಕೈಕಾಲು ಸೆಟೆದಾಗ ಕೂಲಿಗಳ ಮೇಲಿನ ಮುಕಾದಮನ ಜೀಪಿನಲ್ಲಿ ದೊಡ್ಡ ದವಾಖಾನೆಗೆ ಒಯ್ದೆವು. ಮರುದಿನ ಬಿಸಿಲೇರುವ ಹೊತ್ತಿಗೆ ಇರಲಿಲ್ಲ. ಡಾಕ್ಟರು ಕೆಟ್ಟವನಲ್ಲ. "ಒಂದು ದಿನ ಮೊದಲು ತಂದಿದ್ದರೆ," ಎಂದ. ಒಂದು ದಿನ ಮೊದಲು ಅವಳು ನಗುತ್ತ ಆಡುತ್ತಿದ್ದಳು. ಆಡುವ ಕೂಸನ್ನು ಯಾರು ದವಾಖಾನೆಗೆ ಒಯ್ಯುತ್ತಾರೆ? ಇದನ್ನು ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಅದರಿಂದ ನನಗೆ ಏನೂ ಆಗುತ್ತಿರಲಿಲ್ಲ. ಬಾಯಾರು ಪಾಪ ಎನ್ನಲಿಲ್ಲ.

"ಹಿಂದಿನ ದಿನಾ ಏನರ ಫರಕ್ ಇತ್ತೇನ್ರಿ? ಊಟ ಕಡಿಮಿ ಮಾಡಿದ್ಲಾ, ನಿದ್ದಿ ಜಾಸ್ತಿ ಮಾಡಿದ್ಲಾ?" ಎಂದು ಕೇಳಿದರು, ಪೋಲೀಸರು ಕೇಳಿದ ಹಾಗೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿ ಹೇಳಿದೆ. ಏನೂ ಫರಕ್ ಇರಲಿಲ್ಲ ಎಂದು.

"ಫರಕ್ ಇರ್ತದರಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ ಅಷ್ಟ. ರಕ್ತದಾಗ ಆಗಲೇ ಇರ್ತದ. ಈಗಿನ ತಪಾಸಣಿಗೆ ಅದು ಸಿಗೋದು ಜ್ವರಾ ತಲಿಗೇರಿದ ಮ್ಯಾಲೆ. ಆ ಒಂದು ದಿನಾನ ನಾನು ಹುಡುಕಾಕತ್ತೀನಿ."

"ಸಿಕ್ರ ಔಷಧ ಅದನ್ರಿ?"

"ಔಷಧ ಇಲ್ಲ. ಆದರ ಮೊದಲ ಗೊತ್ತಾದ್ರ ಡಾಕ್ಟರ ಕೈಯಾಗ ಹಾಕಬಹುದು. ತಲಿ ಬಾವು ಏರದಂಗ ನೋಡಬಹುದು. ಒಂದು ಮನ್ಯಾಗ ಒಂದಕ್ಕ ಬಂದ್ರ ಉಳಿದವನ್ನರ ತಪಾಸಬಹುದು."

"ಹುಡುಕ್ರಿ. ನನ್ನ ಮಗಳಿಗಂತೂ ಆಗಲಿಲ್ಲ."

"ಇಲ್ಲರಿ. ಆಗಲಿಲ್ಲ," ಎಂದರು. ಅಷ್ಟೇ. ಆವತ್ತಿನಿಂದ ಇಲಿಗಳಿಗೆ ನಾನು ಬೈಯುವುದನ್ನು ಬಿಟ್ಟೆ.

ವರ್ಷಗಳು ಹೋದವು. ಎಷ್ಟೋ ಸಲ ಲಗ್ನ ಮಾಡಿಸಿದರು, ಎಷ್ಟೋ ತಟ್ಟೆ ಬಕೆಟ್ಟಿಗೆ ಬಿದ್ದವು. ಒಮ್ಮೊಮ್ಮೆ ಹಳದಿ ಬರುತ್ತಿತ್ತು, ಬಾಯಾರ ಮುಖ ಅರಳುತ್ತಿತ್ತು. ಮುಂದಿನ ವಾರ ಅದು ಬೇರೆ ಯಾವುದೋ ವೈರಸ್ಸನ್ನೂ ನೆಂಟನೆಂದು ತಬ್ಬಿಕೊಳ್ಳುತ್ತಿತ್ತು, ಅಥವಾ ರೋಗ ಬಲಿತಮೇಲೆ ಮಾತ್ರ ಗುರುತು ಹಿಡಿಯುತ್ತಿತ್ತು. ಅಂಥದ್ದು ಪೇಟೆಯಲ್ಲಿ ಬೇಕಾದಷ್ಟಿದೆ ಎಂದು ಮೇಲಿನವರು ಹೇಳುತ್ತಿದ್ದರಂತೆ. ಕಂಪನಿಯ ಮುಂಭಾಗದಲ್ಲಿ ಬಸಿರು ತಪಾಸಣೆಯ ಪಟ್ಟಿಗಳು ಭರಭರ ಹೋಗುತ್ತಿದ್ದವು. ಹಿಂಭಾಗದ ನಮ್ಮನ್ನು ಯಾಕೆ ಸಾಕಬೇಕು ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಾಯಾರ ತಲೆ ಬೆಳ್ಳಗಾಗುತ್ತ ಬಂತು. ನನ್ನದೂ.

ಕಟ್ಟಡದ ಕರೆಂಟು ನೋಡಿಕೊಳ್ಳುವವನು ದೌಲತಾಬಾದಿನ ಒಬ್ಬ ಮನುಷ್ಯ. ವಾಯರಮನ್ ಕಾಕಾ ಎನ್ನುತ್ತಿದ್ದೆವು. ಆತನ ಹೊಲದಲ್ಲಿ ಚೆಂಡುಹೂ ಬೆಳೆಯುತ್ತಿತ್ತು. ಖಂಡೇನವಮಿಗೆ ಬುಟ್ಟಿ ತುಂಬ ತರುತ್ತಿದ್ದ. ಆ ದಿನ ಶೇಂದ್ರಾದ ಎಲ್ಲ ಕಾರ್ಖಾನೆಗಳಲ್ಲೂ ಯಂತ್ರಗಳನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ, ತೆಂಗಿನಕಾಯಿ ಒಡೆಯುತ್ತಾರೆ. ಅನ್ನ ಹಾಕುವ ಕಬ್ಬಿಣಕ್ಕೆ ವರ್ಷಕ್ಕೊಮ್ಮೆ ಕೈ ಮುಗಿಯದವನು ಎಂಥ ಕೆಲಸದವನು? ಕಾಕಾ ಜನರೇಟರಿಗೆ, ಬೋರ್ಡಿಗೆ, ಲಿಫ್ಟಿಗೆ ಎಲ್ಲದಕ್ಕೂ ಪೂಜೆ ಮಾಡಿ ಗಾಜಿನ ಬಾಗಿಲ ಮುಂದೆ ಬಂದು ನಿಲ್ಲುತ್ತಿದ್ದ. ಬಾಯಾರು ಅಡ್ಡ ನಿಲ್ಲುತ್ತಿದ್ದರು. ಪ್ರತಿ ವರ್ಷ ಅದೇ ಜಗಳ, ಮರಾಠಿಯಲ್ಲಿ.

"ಎಲ್ಲಾ ಮಶೀನಿಗೂ ಹಬ್ಬ, ನಿಮ್ಮ ಕಪಾಟಿಗೆ ಮಾತ್ರ ಸೂತಕ ಏನ್ರಿ ಮ್ಯಾಡಮ್?" ಎಂದು ಆತ ಕೇಳುತ್ತಿದ್ದ.

"ಅದು ಬಾಣಂತಿ ಕೋಣೆ ಕಾಕಾ. ಹೊರಗಿನವರು ಒಳಗೆ ಬರಬಾರದು," ಎನ್ನುತ್ತಿದ್ದರು ಇವರು. ಆತ ಬಾಗಿಲ ಹೊರಗೇ ಒಂದು ಹೂ ಇಟ್ಟು ಗೊಣಗುತ್ತ ಹೋಗುತ್ತಿದ್ದ.

ಆ ವರ್ಷ ದಸರೆಯ ಮುಂಚೆ ದೂರದ ಒಂದು ದೊಡ್ಡ ಪ್ರಯೋಗಾಲಯದಿಂದ ಮಂಜುಗಡ್ಡೆಯ ಪೆಟ್ಟಿಗೆ ಬಂದಿತ್ತು. ಅಲ್ಲಿ ಇಲಿಗಳಿಗೆ ರೋಗ ಹಚ್ಚಿ ದಿನಕ್ಕೊಮ್ಮೆ ಅವುಗಳ ರಕ್ತ ತೆಗೆದು ಕಳಿಸಿದ್ದರು. ಯಾವುದು ಯಾವ ದಿನದ್ದು ಎಂದು ಬಾಯಾರಿಗೆ ಹೇಳಿರಲಿಲ್ಲ, ಅವರೇ ಕಂಡುಹಿಡಿಯಬೇಕು. ಕಪಾಟಿನಲ್ಲಿ ಆಗ ಹೊಸದೊಂದು ಸಂತಾನ ಬೆಳೆಯುತ್ತಿತ್ತು. ಅದರ ರಸ ಹಾಕಿ ತಪಾಸಿದರು. ಕಂಡದ್ದನ್ನು ಬರೆದು ಕಳಿಸಿದರು. ಖಂಡೇನವಮಿಯ ಮುಂಜಾನೆ ಅಲ್ಲಿಂದ ಉತ್ತರ ಬಂತು. ಇಲಿ ಇನ್ನೂ ಕಾಳು ತಿನ್ನುತ್ತಿದ್ದ, ಜ್ವರವೇ ಬಾರದ ದಿನದ ರಕ್ತದಲ್ಲಿ ವೈರಸ್ಸು ಸಿಕ್ಕಿತ್ತು. ರೋಗ ಇಲ್ಲದ ಇಲಿಯ ರಕ್ತದಲ್ಲಿ ಸಿಕ್ಕಿರಲಿಲ್ಲ.

ಬಾಯಾರು ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಒಂದು ಸಾಲು ಗುಳಿಗಳಲ್ಲಿ ಹಳದಿ. ತೆಳುವಾದ ಹಳದಿಯಲ್ಲ, ಮದುಮಗಳ ಮೈಗೆ ಹಚ್ಚಿದ ಅರಿಷಿಣದಂಥದು.

"ನೋಡ್ರಿ ಮಾವಶಿ. ಆ ಒಂದು ದಿನಾ ಅಂದ್ರ ಇದ."

ನಾನು ನೋಡಿದೆ. "ಚಂದ ಐತ್ರಿ," ಎಂದೆ.

ಅಷ್ಟರಲ್ಲಿ ಕಾಕಾ ಹೂವಿನ ಬುಟ್ಟಿ ಹಿಡಿದು ಗಾಜಿನ ಬಾಗಿಲಿಗೆ ಬಂದ, ವರ್ಷದ ಜಗಳಕ್ಕೆ. ಬಾಯಾರು ಜಗಳ ಆಡಲಿಲ್ಲ. ಬುಟ್ಟಿಯಿಂದ ಒಂದೇ ಒಂದು ಹೂ ಆರಿಸಿಕೊಂಡರು. ಅದರ ಮೇಲೆ ಸ್ಪಿರಿಟ್ಟು ಹೊಡೆದರು. ತಿರುಗಿಸಿ ಮತ್ತೆ ಹೊಡೆದರು. ಆಗ ಎದ್ದದ್ದೇ ಈ ವಾಸನೆ.

"ನನ್ನ ತಲ್ಯಾಗಿನ ಹೂ ನಡ್ಯಂಗಿಲ್ಲ ಅಂತೀರಿ, ಇದು ನಡೀತದೇನ್ರಿ?" ಎಂದೆ.

"ಇವತ್ತೊಂದಿನ ನಡೀಲಿ ಮಾವಶಿ," ಎಂದು ಒಳಗೆ ಹೋದರು. ಹೂವನ್ನು ಕಪಾಟಿನ ನೆತ್ತಿಯ ಮೇಲೆ ಇಟ್ಟರು. ಕೈ ಮುಗಿಯಲಿಲ್ಲ, ಅವರಿಗೆ ಅದು ಬರುತ್ತಿರಲಿಲ್ಲ. ಹಾಲು ಕೊಟ್ಟ ಎಮ್ಮೆಯ ಬೆನ್ನು ತಟ್ಟುತ್ತೇವಲ್ಲ, ಹಾಗೆ ಕಪಾಟಿನ ಬಾಗಿಲನ್ನು ಮೆಲ್ಲಗೆ ತಟ್ಟಿದರು. ಗಾಜಿನ ಆಚೆ ಕಾಕಾ ಗೆದ್ದವನ ಹಾಗೆ ನಗುತ್ತಿದ್ದ. ನಾನೂ ನಕ್ಕೆ. ಆ ಕಟ್ಟಡದೊಳಗೆ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು...

ಹೊಸ ಸಂತಾನವನ್ನು ಕೆಡದ ಹಾಗೆ ಕೂಡಿಡಲು ಒಂದು ಡಬ್ಬಿ ಇತ್ತು, ಒಳಗೆ ಮಂಜುಗಡ್ಡೆಗಿಂತ ತಣ್ಣನೆಯ, ಹೊಗೆಯಾಡುವ ನೈಟ್ರೋಜನ್. ಅದರಲ್ಲಿಟ್ಟರೆ ಎಷ್ಟು ಕಾಲವಾದರೂ ಇರುತ್ತದೆ. ಆದರೆ ಡಬ್ಬಿಯಲ್ಲಿ ನೈಟ್ರೋಜನ್ ತಳಕ್ಕಿಳಿದಿತ್ತು, ಅದನ್ನು ತುಂಬುವ ಗಾಡಿ ದಸರೆಯ ಸೂಟಿ ಮುಗಿಸಿ ಬರುವುದಿತ್ತು. ಅದು ಬಂದ ದಿನ ಕೂಡಿಡೋಣ ಎಂದು ಬಾಯಾರು ಹೇಳಿದ್ದರು. ಕಪಾಟಿನೊಳಗೆ ಬೆಚ್ಚಗಿದೆಯಲ್ಲ, ಅವಸರವೇನು.

ಗಾಡಿ ಬರುವ ಮುಂಚೆ ಬೂಷ್ಟು ಬಂತು. ಸೂಟಿ ಮುಗಿದು ನಾನು ಕೆಲಸಕ್ಕೆ ಹೋದಾಗ ಬಾಯಾರು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿಗೆ ಕಣ್ಣು ಹಚ್ಚಿ ಕೂತಿದ್ದರು, ಎಷ್ಟು ಹೊತ್ತಿನಿಂದಲೋ. ನನ್ನನ್ನು ಕರೆದು ತಟ್ಟೆ ತೋರಿಸಿದರು. ದುರ್ಬೀನು ಬೇಕಾಗಿರಲಿಲ್ಲ. ಹಳೆಯ ರೊಟ್ಟಿಯ ಮೇಲೆ ಬರುತ್ತದಲ್ಲ, ಹತ್ತಿಯ ಎಳೆಯಂಥದು, ಅದು ಗುಳಿ ಗುಳಿಯಲ್ಲಿ ಹಬ್ಬಿತ್ತು. ಎಲ್ಲ ತಟ್ಟೆಯಲ್ಲಿ. ಎಲ್ಲ ಸೀಸೆಯಲ್ಲಿ. ಕಪಾಟಿನ ಮೇಲೆ ಹೂ ಇನ್ನೂ ಇತ್ತು, ಒಣಗಿ ಕಂದಾಗಿ. ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಅವರು ಕೂಗಲಿಲ್ಲ, ಅಳಲಿಲ್ಲ. "ಬಕೆಟ್ ತರ್ರಿ," ಎಂದರು. ಬ್ಲೀಚಿನ ನೀರಿನಲ್ಲಿ ಒಂದೊಂದೇ ತಟ್ಟೆಯನ್ನು ತಾವೇ ಮುಳುಗಿಸಿದರು. ನಾನು ಕೈ ಚಾಚಿದರೆ ಬೇಡ ಎಂದು ತಲೆಯಾಡಿಸಿದರು.

ಡಬ್ಬಿಯ ತಳದಲ್ಲಿ ಆ ಸಂತಾನದ್ದೇ ಹಿಂದಿನ ತಲೆಮಾರಿನ ಸ್ವಲ್ಪ ಉಳಿದಿತ್ತು, ಇನ್ನೂ ಆರಿಸಿ ಹಸನು ಮಾಡುವ ಮುಂಚೆ ಇಟ್ಟದ್ದು. ಕಪಾಟನ್ನು ತಿಕ್ಕಿ ತೊಳೆದು, ಕೋಣೆಗೆ ಹೊಗೆ ಹಾಕಿಸಿ, ಅದನ್ನು ಎಬ್ಬಿಸಿದರು. ದಿನಾ ನೋಡಿದರು. ಅವು ಎದ್ದವು, ಬೆಳೆದವು, ತಟ್ಟೆ ತುಂಬಿದವು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಹಳದಿ ಬರುತ್ತದೋ ಎಂದು ತಪಾಸಿದ ದಿನ ಬಾಯಾರು ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈಗವಸು ಬಿಚ್ಚಿದರು. ನಾನು ಹೋಗಿ ನೋಡಿದೆ. ನೀರು.

"ಬದುಕ್ಯಾವ ಮಾವಶಿ," ಎಂದರು. "ಆದರ ಮರತಾವ."

ಹಾಗೂ ಆಗುತ್ತದಂತೆ. ಜಾಣ ಕೋಶಗಳ ನಡುವೆ ದಡ್ಡ ಕೋಶಗಳೂ ಇರುತ್ತವೆ. ದಡ್ಡವು ಬೇಗ ಬೆಳೆಯುತ್ತವೆ, ಜಾಣವನ್ನು ನುಂಗಿಬಿಡುತ್ತವೆ. ಇದನ್ನು ತಿಳಿಯಲು ನನಗೆ ದುರ್ಬೀನು ಬೇಕಾಗಿರಲಿಲ್ಲ, ಲೋಕದಲ್ಲಿ ಕಂಡದ್ದೇ.

ತಪ್ಪು ಯಾರದು ಎಂಬ ಮಾತು ಬಂತು. ನಾನು ಕಟ್ಟಡದ ಕೆಲಸದಲ್ಲಿ ಬೆಳೆದವಳು. ಗೋಡೆ ಬಿದ್ದರೆ ಗೌಂಡಿ ಸಿಮೆಂಟಿಗೆ ಬೈಯುತ್ತಾನೆ, ಸಿಮೆಂಟಿನವನು ನೀರಿಗೆ ಬೈಯುತ್ತಾನೆ, ಕೊನೆಗೆ ಬುಟ್ಟಿ ಹೊತ್ತವಳ ತಲೆಗೆ ಬರುತ್ತದೆ. ಇಲ್ಲಿ ಬೇರೆಯೇ ಆಯಿತು. ಕಾಕಾ ಕೋಣೆಯ ಮಾಳಿಗೆಯ ಹಲಗೆ ಬಿಚ್ಚಿ ಗಾಳಿ ಸೋಸುವ ಜಾಳಿಗೆಯನ್ನು ಕೆಳಗಿಳಿಸಿ ತಂದ. ಅದರ ಮೈಯೆಲ್ಲ ಕರಿ ಬೂಷ್ಟು. ದಸರೆಗೆ ಮುಂಚೆಯೇ ಬದಲಿಸಬೇಕಿತ್ತು, ಹಬ್ಬದ ಗಡಿಬಿಡಿಯಲ್ಲಿ ಆಮೇಲೆ ಮಾಡೋಣವೆಂದು ಬಿಟ್ಟಿದ್ದನಂತೆ. ಬಾಯಾರ ಮುಂದೆ ಇಟ್ಟು, "ಇದು ನನ್ನ ಕೆಲಸ ಮ್ಯಾಡಮ್. ಮೇಲಿನವರಿಗೆ ಹಾಗೇ ಹೇಳಿ," ಎಂದ.

"ಹೂ ನಾನು ಇಟ್ಟಿದ್ದು."

"ಹೂವಿಗೆ ನೀವು ಸ್ಪಿರಿಟ್ ಹೊಡೆದಿದ್ದಿರಿ. ನಾನೇ ನೋಡಿದ್ದೇನೆ."

"ಸ್ಪಿರಿಟ್ಟಿಗೆ ಬೂಷ್ಟಿನ ಬೀಜ ಸಾಯುವುದಿಲ್ಲ ಕಾಕಾ. ಕಾಲೇಜಿನ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿತ್ತು."

"ಹಾಗಾದರೆ ಈ ಜಾಳಿಗೆ ಏನು, ನನ್ನ ಅತ್ತೆ ಮನೆಯಿಂದ ಬಂತಾ?" ಎಂದು ಆತ ಕೂಗಿದ. ಆತನ ಕಣ್ಣಲ್ಲಿ ನೀರಿತ್ತು. ಬಾಯಾರ ಕಣ್ಣಲ್ಲಿ ಇರಲಿಲ್ಲ. ತಪ್ಪು ನನ್ನದು ತನ್ನದು ಎಂದು ಇಬ್ಬರು ಕಿತ್ತಾಡುವುದನ್ನು ನನ್ನ ಜನ್ಮದಲ್ಲಿ ಅವತ್ತೇ ನೋಡಿದ್ದು.

ಜಾಳಿಗೆಯ ಬೂಷ್ಟೂ ತಟ್ಟೆಯ ಬೂಷ್ಟೂ ಒಂದೇನಾ, ಹೂವಿನಲ್ಲಿದ್ದದ್ದೇನಾ, ಬಾಯಾರು ಮನಸ್ಸು ಮಾಡಿದ್ದರೆ ನೋಡಬಹುದಿತ್ತು. ಕಾಕಾ ಕೇಳಿಯೂ ಕೇಳಿದ. ಅವರು ನೋಡಲಿಲ್ಲ. ಇಲಿಗೆ ಸೀನು ಬಂದರೂ ಪುರಾವೆ ಕೇಳುವ ಹೆಂಗಸು, ಇದೊಂದಕ್ಕೆ ಕೇಳಲಿಲ್ಲ. ಹೂ ಅಂದರೆ ಹೂ. ನನ್ನನ್ನು ಕೇಳಿದರೆ, ಯಾವುದೆಂದು ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೂ ಸತ್ತದ್ದು ಏಳುತ್ತಿರಲಿಲ್ಲ.

ಮತ್ತೆ ಇಲಿಗಳಿಗೆ ಚುಚ್ಚಿದರು, ಮತ್ತೆ ಲಗ್ನ ಮಾಡಿಸಿದರು. ಮತ್ತೆ ಮತ್ತೆ. ಅಂಥದ್ದು ಹುಟ್ಟಲಿಲ್ಲ. ಒಂದು ಇಲಿಯ ಮೈಯಲ್ಲಿ ಒಂದು ಸಲ ಹುಟ್ಟಿದ ಬುದ್ಧಿ ಇನ್ನೊಂದರಲ್ಲಿ ಹುಟ್ಟಬೇಕೆಂಬ ನೇಮವಿಲ್ಲವಂತೆ. ಬಾಯಾರು ಈಗ ಕೈ ತೊಳೆಯಲು ನಿಂತರೆ ಚರ್ಮ ಕೆಂಪಾಗುವತನಕ ಬಿಡುತ್ತಿರಲಿಲ್ಲ. ನನ್ನ ಬೈಗುಳಕ್ಕೆ ನಗುವುದೂ ನಿಂತಿತು. ನನ್ನ ಜೊತೆ ಕನ್ನಡ ಕಡಿಮೆಯಾಯಿತು, ಮರಾಠಿಯಲ್ಲೇ ಎರಡು ಮಾತು. ಕೊನೆಗೆ ಮೇಲಿನವರು ಬಂದು ಕೋಣೆಗಳನ್ನು ನೋಡಿ, ಚಹಾ ಕುಡಿದು ಹೋದರು. ಹಿಂಭಾಗ ಮುಚ್ಚುವುದೆಂದು ಆಮೇಲೆ ತಿಳಿಯಿತು.

ಉಳಿದ ಇಲಿಗಳನ್ನು ಹೊರಗೆ ಬಿಡುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಗ್ಯಾಸಿನ ಪೆಟ್ಟಿಗೆಯಲ್ಲಿಟ್ಟು ಏಳದ ನಿದ್ದೆ ಮಾಡಿಸಬೇಕು, ಅದೇ ನಿಯಮ. "ನೀವು ಹೊರಗ ನಡೀರಿ," ಎಂದರು ಬಾಯಾರು.

"ಸಾಕಿದಾಕಿ ನಾನು. ಇರ್ತೀನಿ."

ಇಬ್ಬರೂ ಸೇರಿ ಮುಗಿಸಿದೆವು. ಅವು ಬೆಚ್ಚಗಿದ್ದವು. ಕೆಲಸ ಆದಮೇಲೆ ನಾನು ಖಾಲಿ ಪಂಜರಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಯಾಕೆ ತೊಳೆದೆನೋ. ಅವುಗಳಲ್ಲಿ ಮತ್ತೆ ಏನೂ ಇಡುವುದಿರಲಿಲ್ಲ...

ಆಮೇಲೆ ನನ್ನ ಗಂಡ ಕುಡಿದು ಸತ್ತ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಗನಿಗೆ ಪಿಂಪಳಗಾಂವ್ ಬಸವಂತದ ದ್ರಾಕ್ಷಿ ಪ್ಯಾಕಿಂಗಿನಲ್ಲಿ ಕೆಲಸ ಸಿಕ್ಕಿತು, ನಾಸಿಕದಲ್ಲಿ ಮನೆ ಮಾಡಿದ, ನಾನು ಅವನ ಜೊತೆ ಬಂದೆ. ಬಾಯಾರೂ ನಾಸಿಕಕ್ಕೇ ಬಂದು ಯಾವುದೋ ಟ್ಯೂಶನ್ ಕ್ಲಾಸಿನಲ್ಲಿ ಕಲಿಸುತ್ತಾರೆಂದು ಕಾಕಾ ಫೋನಿನಲ್ಲಿ ಹೇಳಿದ್ದ. ಒಂದು ಸಲ ಕಂಡರು. ಗೋದಾವರಿಯ ಹತ್ತಿರದ ಪೇಟೆಯಲ್ಲಿ, ಹೂವಿನವರ ಸಾಲು ಬಂದಾಗ ಸೀರೆಯ ಸೆರಗನ್ನು ಮೂಗಿಗೆ ಹಿಡಿದು ರಸ್ತೆಯ ಆಚೆ ದಾಟಿಕೊಂಡರು. ಆ ದಾಟಿದ್ದನ್ನು ನೋಡಿಯೇ ನಾನು ಗುರುತು ಹಿಡಿದದ್ದು. ಹತ್ತಿರ ಹೋಗಿ, "ಬಾಯಾರ," ಎಂದೆ.

"ಮಾವಶಿ! ಹೆಂಗಿದ್ದೀರಿ?" ಎಂದರು. ಸೊರಗಿದ್ದರು. ಕೈಯ ಚರ್ಮ ಸುಲಿದ ಹಾಗಿತ್ತು.

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಅದು ಜಾಳಿಗಿದ ಬೂಷ್ಟರಿ. ಕಾಕಾ ಇನ್ನಾ ಅದನ್ನ ಹೇಳ್ತಾನ," ಎಂದೆ.

"ಇರಬಹುದ್ರಿ," ಎಂದರು. "ಆದರ ಹೂ ಇಟ್ಟಾಕಿ ನಾನ ಅಲ್ಲೇನ್ರಿ?"

ಚಹಾ ಕುಡಿಯೋಣ ಎಂದೆ. ಕ್ಲಾಸಿಗೆ ಹೊತ್ತಾಯಿತು ಎಂದು ಹೋದರು. ತಿರುಗಿ ನೋಡಲಿಲ್ಲ. ಹೋದ ವರ್ಷ ಕಾಕಾ ಮತ್ತೆ ಫೋನು ಮಾಡಿದ. "ಮ್ಯಾಡಮ್ ಹೋದರಂತೆ ಮಾವಶಿ," ಎಂದ. ಏನಾಗಿತ್ತು ಎಂದು ಕೇಳಿದೆ. ಆತನಿಗೂ ಗೊತ್ತಿರಲಿಲ್ಲ. ಫೋನು ಇಟ್ಟ.

ಮೊಮ್ಮಗಳು ಸ್ಕೂಟಿಗೆ ಹೂ ಏರಿಸಿ, ಒಂದನ್ನು ನನ್ನ ಕೈಗೆ ಕೊಟ್ಟು, "ಆಜಿ, ನೀನೂ ಒಂದು ಇಡು ನಾ," ಎಂದಳು. ಇಟ್ಟೆ. ಎದ್ದು ಒಳಗೆ ಹೋಗಿ ಕೈ ತೊಳೆದುಕೊಂಡೆ. ಮೊಣಕೈತನಕ. "ಇಷ್ಟ್ಯಾಕ ತೊಳೀತಿ, ಡಾಕ್ಟರೀಣ ಆಗ್ತೀಯೇನ?" ಎಂದು ಅವಳು ನಕ್ಕಳು. ಅವಳಿಗೆ ಇದನ್ನು ಹೇಳಲು ಹೋದರೆ ಅರ್ಧ ಕನ್ನಡ ತಿಳಿಯುತ್ತದೆ, ಅರ್ಧ ಬಿಡುತ್ತದೆ. ಬರೆದಿಟ್ಟರೂ ಓದಲಾರಳು. ಆದರೂ ಬರೆದೆ.

ಈ ಮಳೆಗಾಲದಲ್ಲಿ ನಮ್ಮ ಕೆಳಗಿನ ಮನೆಯವರ ಕೂಸು ಹೋಯಿತು. ಅದೇ ಜ್ವರ. ಹಿಂದಿನ ದಿನ ನಮ್ಮ ಮೆಟ್ಟಿಲ ಮೇಲೆ ಕೂತು ನನ್ನ ಕೈಯಿಂದ ಶೇಂಗಾ ತಿಂದಿತ್ತು. ತಾಯಿ ನನ್ನ ಹತ್ತಿರ ಬಂದು ಕೂತು, ಡಾಕ್ಟರು ಹೇಳಿದ್ದನ್ನು ಹೇಳಿದಳು. ಒಂದು ದಿನ ಮೊದಲು ತಂದಿದ್ದರೆ ಎಂದನಂತೆ. ನಾನು ಅವಳಿಗೆ ಅಯ್ಯೋ ಪಾಪ ಎನ್ನಲಿಲ್ಲ. ಆ ಒಂದು ದಿನ ಇಲ್ಲವೇ ಇಲ್ಲ ಎಂದು ಅವಳು ತಿಳಿದಿದ್ದಾಳೆ. ಹಾಗೇ ತಿಳಿದಿರಲಿ. ಅದು ಇತ್ತು. ಶೇಂದ್ರಾದಲ್ಲಿ, ನಾನು ಒರೆಸುತ್ತಿದ್ದ ಕೋಣೆಯಲ್ಲಿ, ಬೆಚ್ಚನೆಯ ಕಪಾಟಿನೊಳಗೆ ಕೆಲವು ದಿನ ಜೀವಂತ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಹಳದಿ ಬಣ್ಣವಿತ್ತು.